ಊಹೂಂ ಅಕ್ಕನ ತಲೆ

ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆ ಮಾರುತ್ತಿದ್ದ ಆಕೆಗೆ 'ಇಲ್ಲ' ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಅಪ್ಪ ಓದು ನಿಲ್ಲಿಸು ಎಂದಾಗ ಹೂಂ, ತಂಗಿ ನನ್ನ ಮಗುವನ್ನು ನೋಡಿಕೋ ಎಂದಾಗ ಹೂಂ, ಯಜಮಾನರು ಭಾನುವಾರವೂ ಬಾ ಎಂದಾಗ ಹೂಂ. ಅಂಥವಳ ತಲೆ, ನಲವತ್ತು ದಾಟಿದ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ ಎಡಕ್ಕೂ ಬಲಕ್ಕೂ ಅಲ್ಲಾಡತೊಡಗಿತು.

ಅಲ್ಲಾಟ ದೊಡ್ಡದೇನಲ್ಲ. ಆದರೆ ಈ ಬಣ್ಣ ಒಗೆದರೂ ಉಳಿಯುತ್ತದೆಯೇ ಎಂದು ಗಿರಾಕಿ ಕೇಳಿದರೆ ಬಾಯಿ ಹೌದು ಅನ್ನುತ್ತಿತ್ತು, ತಲೆ ಇಲ್ಲ ಅನ್ನುತ್ತಿತ್ತು. ಗಿರಾಕಿ ತಲೆಯನ್ನೇ ನಂಬಿ ಎದ್ದು ಹೋಗುತ್ತಿದ್ದ. ಪಕ್ಕದಲ್ಲಿ ಹೊದಿಕೆ ಮಾರುವವನು ಆಕೆಗೆ 'ಊಹೂಂ ಅಕ್ಕ' ಎಂದು ಹೆಸರಿಟ್ಟ. ಹೆಸರು ಗೋಂದಿನಂತೆ ಅಂಟಿಕೊಂಡಿತು.

ಯಜಮಾನರಿಗೆ ನಗು ಬರಲಿಲ್ಲ. ಇದು ಏನು ಕಾಯಿಲೆ ಎಂದು ಡಾಕ್ಟರು ಹೆಸರು ಹೇಳುವ ತನಕ ಕೌಂಟರ್ ಬಿಟ್ಟು ಹಿಂದಿನ ಗೋಡೌನಿನಲ್ಲಿ ಬಟ್ಟೆ ಮಡಿಸಿಕೊಂಡಿರು ಎಂದರು. ಊರಿನ ಅರ್ಧ ಕಿಟಕಿಗಳಿಗೆ ಪರದೆ ಕತ್ತರಿಸಿ ಕೊಟ್ಟವಳಿಗೆ ಕಿಟಕಿಯೇ ಇಲ್ಲದ ಕೋಣೆ. ಆಕೆ ತಲೆ ಎತ್ತಿ ನಿಲ್ಲುತ್ತಿದ್ದ ಜಾಗ ಈ ಜಗತ್ತಿನಲ್ಲಿ ಒಂದೇ ಇತ್ತು, ಆ ಕೌಂಟರು. ಅದಕ್ಕೂ ಆಕೆ ಹೂಂ ಎಂದಳು. ಹೊರಗೆ ಬಂದ ಮೇಲೆ ಹಲ್ಲು ಕಚ್ಚಿದಳು.

ಹೀಗೆ ತಲೆಯ ಓಡಾಟ ಶುರುವಾಯಿತು. ಮೊದಲ ಡಾಕ್ಟರು ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿದರು. ತಲೆ ಪಟ್ಟಿಯೊಳಗೇ ಅಲ್ಲಾಡಿತು. ಇನ್ನೊಬ್ಬರು, ಇದು ಮುದುಕರಿಗೆ ಬರುವ ನಡುಕ, ನಿಮಗೆ ಅವಸರವಾಗಿ ಬಂದಿದೆ ಎಂದು ಮಾತ್ರೆ ಕೊಟ್ಟರು. ವಾಂತಿ ಬಂತು, ನಡುಕ ಹೋಗಲಿಲ್ಲ. ಸ್ಕ್ಯಾನ್ ಮಾಡಿದವರು ತಲೆಯಲ್ಲಿ ಏನೂ ಇಲ್ಲ ಎಂದರು.

"ಇದಕ್ಕೆ ಮಷೀನ್ ಬೇಕಿತ್ತಾ ಅಕ್ಕ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ" ಎಂದಳು ತಂಗಿ.

ಆಮೇಲೆ ಇನ್ನೂ ವಿಚಿತ್ರವಾಯಿತು. ಈಚೀಚೆಗೆ ಡಾಕ್ಟರ ಎದುರು ಕೂತ ಕೂಡಲೇ ತಲೆ, ಇನ್‌ಸ್ಪೆಕ್ಟರು ಬಂದ ದಿನದ ತರಗತಿಯಂತೆ ತೆಪ್ಪಗಾಗುತ್ತಿತ್ತು. ಮೂರನೆಯವರು ನೋಡಿದ್ದು, ಗಲ್ಲಕ್ಕೆ ಕೈ ಕೊಟ್ಟು ಕೂತ ಒಬ್ಬ ಹೆಂಗಸನ್ನು. ಹಾಗೆ ಕೂತವರನ್ನು ಕಂಡರೆ ನಮ್ಮಲ್ಲಿ ಯಾರಾದರೂ ಕೇಳುವುದು ಒಂದೇ: ಏನು ಚಿಂತೆ? ಅವರೂ ಅದನ್ನೇ ಕೇಳಿದರು, ಅದನ್ನೇ ಬರೆದರು, ನಿದ್ದೆಯ ಮಾತ್ರೆ ಕೊಟ್ಟು ಕಳಿಸಿದರು.

ಕೊನೆಗೆ ನರರೋಗದ ಡಾಕ್ಟರಮ್ಮ. ನರರೋಗ ತಜ್ಞರಾದರೂ ನರಮನುಷ್ಯರೇ ತಾನೆ? ಹಳೆಯ ಚೀಟಿ ಓದಿದರು, ಗಲ್ಲದ ಮೇಲಿನ ಕೈ ನೋಡಿದರು, ಪೆನ್ನು ತೆಗೆದರು.

"ಕತ್ತು ಚೆನ್ನಾಗೇ ಇದೆ ಅಮ್ಮ. ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಬೇಕು. ಒಳಗೆ ಕೂತು ಮಾಡೋ ಕೆಲಸ ಕೊಟ್ಟಿದ್ದಾರೆ ಅಂದ್ರಲ್ಲ, ಒಳ್ಳೇದೇ ಆಯ್ತು."

ಆ 'ಒಳ್ಳೇದೇ' ಎಂಬ ಮಾತು ತಲೆಗೇರಿತು. ಜನ್ಮವಿಡೀ ಹೂಂ ಎಂದವಳು ಗಲ್ಲದ ಕೈ ತೆಗೆದು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದಳು.

"ನಂಗೆ ಚಿಂತೆ ಇಲ್ಲ ಡಾಕ್ಟ್ರೇ, ಸಿಟ್ಟಿದೆ. ಇದಕ್ಕೊಂದು ಹೆಸರು ಹೇಳೋ ತನಕ ನಾನು ಇಲ್ಲಿಂದ ಏಳಲ್ಲ."

ಏಳಲ್ಲ, ಏಳಲ್ಲ ಎಂದು ತಾಳ ಹಾಕುವಂತೆ ತಲೆಯೂ ಅಲ್ಲಾಡಿತು. ಸಿಟ್ಟಿನ ತಲೆ ಎಂದೇ ಡಾಕ್ಟರಮ್ಮ ಅಂದುಕೊಂಡರು. ಆದರೆ ಬಾಯಿ ಮಾತು ಮುಗಿಸಿದ ಮೇಲೂ ತಲೆ ಮುಗಿಸಲಿಲ್ಲ. ಪೆನ್ನು ಅಲ್ಲೇ ನಿಂತಿತು.

"ಆ ಕೈ ಮತ್ತೆ ಗಲ್ಲಕ್ಕಿಡಿ."

ಇಟ್ಟಳು. ತಲೆ ನಿಂತಿತು. ತೆಗೆಯಲು ಹೇಳಿದರು. ಅಲ್ಲಾಡಿತು. ಒಂದೇ ಬೆರಳು ತಾಗಿಸಲು ಹೇಳಿದರು. ಅಷ್ಟಕ್ಕೂ ನಿಂತಿತು. ಡಾಕ್ಟರಮ್ಮ ಬರೆದದ್ದನ್ನು ಹೊಡೆದು ಹಾಕಿದರು.

"ನಾನೂ ತಪ್ಪು ತಿಳ್ಕೊಂಡೆ. ಇದು ಚಿಂತೆ ಕೈ ಅಲ್ಲ. ತಲೆ ಹಿಡಿದು ನಿಲ್ಲಿಸೋ ಕೈ. ಯಾವಾಗಿಂದ ಹೀಗೆ ಇಟ್ಕೋತೀರಿ?"

ಆಕೆಗೂ ಗೊತ್ತಿರಲಿಲ್ಲ. ಈ ಉಪಾಯವನ್ನು ಕೈ ತಾನಾಗಿಯೇ ಕಲಿತುಕೊಂಡಿತ್ತು. ಇಷ್ಟು ದಿನ ಕೈ ಕೊಟ್ಟದ್ದು ಕೈಯೇ.

ಕಾಯಿಲೆಯ ಹೆಸರು ಡಿಸ್ಟೋನಿಯಾ. ಕೇಳಿದರೆ ಯಾವುದೋ ದೇಶವೆನ್ನಬೇಕು. ಮಿದುಳಿನಿಂದ ಕತ್ತಿಗೆ ಹೋಗುವ ಅಪ್ಪಣೆಗಳು ಕಲಸಿಹೋಗುತ್ತವೆ, ಸ್ಕ್ಯಾನಿಗೆ ಕಾಣುವುದಿಲ್ಲ, ಎದುರಿಗೆ ಕೂತು ನೋಡಿಯೇ ಹಿಡಿಯಬೇಕು ಎಂದರು ಡಾಕ್ಟರಮ್ಮ. ಕೆಲವು ತಿಂಗಳಿಗೊಮ್ಮೆ ಕತ್ತಿಗೆ ಇಂಜೆಕ್ಷನ್ ಕೊಟ್ಟರೆ ತಗ್ಗೀತು, ಪೂರ್ತಿ ನಿಲ್ಲುತ್ತದೆ ಎನ್ನಲಾರೆ ಎಂದೂ ಹೇಳಿದರು.

ಮರುದಿನ ಯಜಮಾನರು ಹೆಸರು ಕೇಳಿ, ಎರಡು ಸಲ ಉಚ್ಚರಿಸಲು ಹೋಗಿ ಬಿಟ್ಟುಬಿಟ್ಟರು.

"ಗೊತ್ತಾಯ್ತಲ್ಲಮ್ಮ, ಸಂತೋಷ. ಪೂರ್ತಿ ವಾಸಿ ಆಗೋವರೆಗೆ ಒಳಗೇ ಇರು."

ಆಕೆಯ ಕೈ ಅಭ್ಯಾಸಬಲದಿಂದ ಗಲ್ಲಕ್ಕೆ ಹೊರಟಿತ್ತು. ಬೇಕೆಂದೇ ಅದನ್ನು ಕೆಳಗಿಳಿಸಿದಳು.

"ಆಗಲ್ಲ. ಹೆಸರು ತಂದ್ರೆ ಕೌಂಟರ್ ಅಂದಿದ್ರಿ. ತಂದಿದ್ದೀನಿ."

ತಲೆಯೂ ಆಗಲ್ಲ ಎಂದಿತು. ಅದು ಅಲ್ಲಾಡಲು ತೊಡಗಿದಂದಿನಿಂದ ಈ ಅಂಗಡಿಯಲ್ಲಿ ಬಾಯಿ ಮತ್ತು ತಲೆ ಒಂದೇ ಮಾತು ಆಡಿದ್ದು ಅದೇ ಮೊದಲು. ತಲೆ ನಿಂತ ಮೇಲೆ ಉತ್ತರ ಕೊಡೋಣವೆಂದು ಯಜಮಾನರು ಕಾದರು. ಅದು ನಿಲ್ಲಲಿಲ್ಲ. ಆಕೆ ಅವರನ್ನು ದಾಟಿ ಹೋಗಿ ಮೀಟರ್ ಕೋಲು ಕೈಗೆತ್ತಿಕೊಂಡಳು.

ಕೌಂಟರಿನ ಎದುರು ಒಬ್ಬಾಕೆ ನೀಲಿ ಪರದೆ ಬಟ್ಟೆ ಹಿಡಿದು ನಿಂತಿದ್ದಳು. "ರೇಟು ಸ್ವಲ್ಪ ಕಮ್ಮಿ..." ಎಂದು ಶುರು ಮಾಡಿ, ಮುಖ ಎತ್ತಿ ನೋಡಿ, ನಿಟ್ಟುಸಿರಿಟ್ಟಳು.

"ಹೋಗ್ಲಿ ಬಿಡಿ ಅಕ್ಕ. ಕತ್ತರಿಸಿ."