ಸೊಸಿ ಬಡದ ರೊಟ್ಟಿ

ಮೊನ್ನೆ ಕೊಪ್ಪಳದ ಸಂತೆಯಲ್ಲಿ ಯಾರೋ ಸಜ್ಜೆ ರೊಟ್ಟಿಗಳನ್ನು ಒಟ್ಟಿಕೊಂಡು ಕೂತಿದ್ದರು. ಸುಟ್ಟ ಎಳ್ಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾದವು. ಆ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರೀತು. ನನಗೆ ನಾಚಿಕೆಯಾಗುತ್ತದೆ.

ನಾನು ಇದೇ ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಕಡೆಯವಳು. ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಶ್ರಾವಣವೆಂದರೆ ನಮಗೆ ನಾಟಿಯ ಕೆಸರು. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಕುಕನೂರಿನ ಹತ್ತಿರದ ಹಳ್ಳಿಗೆ ಬಂದೆ. ಅಲ್ಲಿ ಮಳೆ ನಂಬಿದ ಹೊಲ, ಜೋಳ, ಸಜ್ಜೆ, ಹೆಸರು. ರೊಟ್ಟಿ ಬಡಿಯುವ ಸದ್ದು ಕೇಳದ ಮನೆಯೇ ಇಲ್ಲ. ನಾನು ಬಡಿದರೆ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿದು ಎರಡಾಗುತ್ತಿತ್ತು. ನನ್ನ ಕೈರುಚಿ ಹಿಡಿಸಿದ್ದು ಮನೆಯ ಎಮ್ಮೆಗೆ ಮಾತ್ರ.

ಅತ್ತೆ ಬೈಯಲಿಲ್ಲ. ತಾವೇ ಬಡಿದು ಬುತ್ತಿ ಕಟ್ಟುತ್ತಿದ್ದರು. ಒಂದು ದಿನ ಹೆಸರಿನ ಹೊಲದಲ್ಲಿ ಕಳೆ ತೆಗೆಯಲು ಬಂದಿದ್ದ ಪಕ್ಕದ ಮನೆಯ ಬಸವ್ವ ನಮ್ಮ ಬುತ್ತಿಯ ರೊಟ್ಟಿ ಮುರಿದು, "ಯಾರು ಬಡದದ್ದಬೇ ಯಕ್ಕಾ? ಕಾಗದದ ಹಾಳಿ ಆದಂಗ ತೆಳ್ಳಗ ಆಗ್ಯಾವಲ್ಲ" ಎಂದಳು.

"ನಮ್ಮ ಸೊಸಿ" ಎಂದರು ಅತ್ತೆ, ನನ್ನ ಕಡೆ ನೋಡದೆ.

"ಅನ್ನ ಉಣ್ಣೋ ಊರಾಕಿ, ರೊಟ್ಟಿ ಬರಂಗಿಲ್ಲ ಅಂದ್ಕೊಂಡಿದ್ದೆ. ಭಾಳ ಛಲೋ ಬಡಿತಾಳ ಬಿಡು."

ನಾನು ತಲೆ ತಗ್ಗಿಸಿದೆ. ಅದನ್ನೂ ಬಸವ್ವ ವಿನಯವೆಂದೇ ತಿಳಿದಳು.

ರೊಟ್ಟಿ ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ಮುಂಚೆ ಮನೆಯಿಂದ ಮನೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಕೊಟ್ಟು ತರುವ ಹಬ್ಬ ಅದು. ಸಂಜೆ ಉಣ್ಣಲು ಕೂತರೆ ತಟ್ಟೆಯಲ್ಲಿ ಓಣಿಯ ಎಲ್ಲ ಮನೆಗಳ ರುಚಿ. ಆ ಬೆಳಿಗ್ಗೆ ಬಸವ್ವ ಬಟ್ಟೆ ಸುತ್ತಿದ ಅಂಗೈ ಹಿಡಿದು ಬಂದಳು. ಕಳೆ ತೆಗೆಯುವ ಕುರ್ಪಿ ತಾಗಿತ್ತು.

"ಯಕ್ಕಾ, ನಿನ್ನ ಸೊಸಿನ್ನ ಕಳಸಬೇ. ಹಬ್ಬದಾಗ ಬರಿಗೈಲೆ ಮಂದಿ ಮನಿಗೆ ಹೆಂಗ ಹೋಗ್ಲಿ?"

"ನಾನ ಬರ್ತೀನಿ" ಎಂದರು ಅತ್ತೆ.

"ನಿನಗ ವಯಸ್ಸಾತು. ಆಕಿ ಬರ್ಲಿ" ಎಂದು ಬಸವ್ವ ನನ್ನ ಕೈ ಹಿಡಿದೇಬಿಟ್ಟಳು.

ಅತ್ತೆಯೂ ಹಿಂದೆಯೇ ಬಂದರು. ಬಸವ್ವನ ಮನೆಯಲ್ಲಿ ಓಣಿಯ ಹೆಂಗಸರು ಕಾಳು ಹಸನು ಮಾಡುತ್ತ ಕೂತಿದ್ದರು. ಹಿಟ್ಟು ನಾದಿದೆ, ಬಡಿದೆ, ಎತ್ತಿದೆ. ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಬೂದಿಗೆ ಬಿತ್ತು. ಎರಡನೆಯದೂ ಹಾಗೆಯೇ. ಯಾರೂ ನಗಲಿಲ್ಲ, ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಲ್ಲರ ಕಣ್ಣೂ ನನ್ನನ್ನು ಬಿಟ್ಟು ಅತ್ತೆಯ ಕಡೆ ಹೋದವು.

"ಸುಳ್ಳು ಯಾಕ ಹೇಳಿದ್ಯಬೇ ಯಕ್ಕಾ?" ಬಸವ್ವ ಮೆಲ್ಲಗೆ ಕೇಳಿದಳು. "ನಮಗ ಹೇಳಿದ್ರ ನಾವು ಕಲಸ್ತಿದ್ದಿಲ್ಲೇನು?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಪಕ್ಕಕ್ಕೆ ಸರಿಸಿ, ಆ ಮನೆಯ ಹಬ್ಬದ ರೊಟ್ಟಿಯನ್ನೆಲ್ಲ ತಾವೇ ಬಡಿದರು. ಕೊನೆಯ ರೊಟ್ಟಿ ಬೇಯುವ ತನಕ ತಲೆ ಎತ್ತಲಿಲ್ಲ.

ಮುಂದಿನ ಪಂಚಮಿಯ ಹೊತ್ತಿಗೆ ನಾನು ಕಲಿತೆ. ಕಲಿಸಿದವಳು ಬಸವ್ವನೇ. ಅಂದಿನಿಂದ ಪ್ರತಿ ಹಬ್ಬಕ್ಕೂ ಅತ್ತೆ ಬುಟ್ಟಿಯನ್ನು ನನ್ನ ಕೈಗಿಟ್ಟು, "ನೀನ ಕೊಟ್ಟು ಬಾರವ್ವ" ಎನ್ನುತ್ತಿದ್ದರು. ಸೊಸೆಗೆ ದೊಡ್ಡಸ್ತಿಕೆ ಬಿಟ್ಟುಕೊಟ್ಟರೆಂದು ಹಿಗ್ಗಿ ಮನೆಮನೆ ತಿರುಗುತ್ತಿದ್ದೆ.

ಸಂತೆಯಿಂದ ಬರುವ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಆ ಹಬ್ಬದ ನಂತರ ಅತ್ತೆ ಬಸವ್ವನ ಹೊಸ್ತಿಲು ತುಳಿದದ್ದನ್ನು ನಾನು ಕಂಡೇ ಇಲ್ಲ. ಅವಳ ಮಗಳ ಮದುವೆಗೂ ಮೊಣಕಾಲು ನೋವೆಂದು ನನ್ನನ್ನೇ ಕಳಿಸಿದ್ದರು. ಇಷ್ಟು ವರ್ಷ ಆ ನಾಚಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ಈಗ ಕೇಳೋಣವೆಂದರೆ ಅತ್ತೆ ಇಲ್ಲ.