ಹೌಸ್ ವಾರ್ಮಿಂಗ್ ಅಂದರೆ ದೋಷ ಇಲ್ಲ

ಪುಟ್ಟೇನಹಳ್ಳಿ ಕೆರೆ ಪಕ್ಕದ ಹೊಸ ಫ್ಲಾಟಿಗೆ ನನ್ನ ಮಗಳು ಹೋದಾಗ ನಾವು ಯಾರೂ ಗೃಹಪ್ರವೇಶ ಅನ್ನಲಿಲ್ಲ. ಅವಳಿಗೆ ಆಗ ಮೂರು ತಿಂಗಳು. ಬಸುರಿ ಹೊಸ ಮನೆ ಹೊಗಬಾರದು ಅನ್ನೋದು ನಮ್ಮ ಕಡೆಯ ನಂಬಿಕೆ. ಆದರೆ ಜಯನಗರದ ಬಾಡಿಗೆ ಮನೆ ಬಿಡಲೇಬೇಕಿತ್ತು.

"ಹೌಸ್ ವಾರ್ಮಿಂಗ್ ಅನ್ನೋಣ ಬಿಡಿ, ಇಂಗ್ಲಿಷಿಗೆ ದೋಷ ಇಲ್ಲ," ಅಂದರು ನನ್ನ ನಾದಿನಿ. ಎಲ್ಲರೂ ನಕ್ಕೆವು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಬಿಗಿನ್, ಸ್ಟಾರ್ಟ್, ಕಮೆನ್ಸ್ ಎಲ್ಲ ನನಗೆ ಇವತ್ತಿಗೂ ಹಗುರ. ಮನೆಯ ಮಾತುಗಳು ಹಾಗಲ್ಲ. ಶ್ರೀಕಾರ, ಬೋಣಿ, ಚೊಚ್ಚಲು, ಒಂದೊಂದರ ಹಿಂದೆಯೂ ಯಾರೋ ನಿಂತು ನೋಡುತ್ತಿರುತ್ತಾರೆ. ಚೊಚ್ಚಲು ಅನ್ನೋ ಮಾತನ್ನಂತೂ ನಾನು ಬಾಯಿಗೆ ತಂದಿರಲಿಲ್ಲ. ಹಿಂದಿನ ವರ್ಷ ಅವಳಿಗೆ ಒಂದು ಬಸಿರು ನಿಂತು, ಹೋಗಿತ್ತು. "ಫಸ್ಟ್ ಟೈಮ್, ವೆರಿ ಕಾಮನ್," ಅಂದಿದ್ದರು ಡಾಕ್ಟರ್.

ಗ್ಯಾಸ್ ಕನೆಕ್ಷನ್ ಇನ್ನೂ ಬಂದಿರಲಿಲ್ಲ. ಇಂಡಕ್ಷನ್ ಸ್ಟವ್ ಮೇಲೆ ನಮ್ಮಮ್ಮನ ಹಿತ್ತಾಳೆ ಪಾತ್ರೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಉಕ್ಕಿಸೋಕೆ ಹಾಲು ಹೊಯ್ದೆ. ಸ್ಟವ್ ಕೀಂಯ್ ಅಂತು, ಆರಿಹೋಯ್ತು. ಮತ್ತೆ ಒತ್ತಿದೆ. ಮತ್ತೆ ಕೀಂಯ್.

"ಅತ್ತೆ, ಅದಕ್ಕೆ ಹಿತ್ತಾಳೆ ಆಗಲ್ಲ, ಸ್ಟೀಲ್ ಬೇಕು," ಅಂದ ಅಳಿಯ.

"ಮೊದಲನೇ ಸಲಕ್ಕೇ ಬೇಡ ಅಂತಿದೆ," ಅಂದರು ನಾದಿನಿ, ಮೆಲ್ಲಗೆ.

"ಸುಮ್ನಿರಿ, ಪ್ಲೀಸ್," ಅಂದೆ.

ಬಾಗಿಲಿಗೆ ಒರಗಿ ನಿಂತಿದ್ದ ಮಗಳು ನಾದಿನಿಯ ಕಡೆ ತಿರುಗಿ, "ಅತ್ತೆ, ಅದು ಸ್ಟವ್ವು, ಜ್ಯೋತಿಷಿ ಅಲ್ಲ," ಅಂದಳು. ನಗುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಒಳಗೆ ಹೋದಳು.

ಎದುರು ಫ್ಲಾಟಿನವರು ಸ್ಟೀಲ್ ಪಾತ್ರೆ ಕೊಟ್ಟರು. ಹಾಲು ಅದಕ್ಕೆ ಬಗ್ಗಿಸಿದೆವು. ಸದ್ದಿಲ್ಲದೆ ಏರತೊಡಗಿತು. ಇನ್ನೇನು ಉಕ್ಕಬೇಕು, ಮನೆಯೊಡತಿ ಎದುರಿಗಿರಬೇಕಲ್ಲ, ಮಗಳನ್ನು ಕೂಗಿದೆ. ಹಾಲು ಯಾರಿಗಾಗಿಯೂ ಕಾಯಲಿಲ್ಲ. ಅಂಚು ದಾಟಿ ಕಪ್ಪು ಗಾಜಿನ ಮೇಲೆ ಹರಿಯಿತು.

"ಪೂರ್ವಕ್ಕೇ ಉಕ್ಕಿತು ಕಣ್ರೀ! ಸಖತ್ ಶಕುನ!" ನಾದಿನಿ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾತ್‌ರೂಮಿನ ಬಾಗಿಲ ಹತ್ತಿರ ಹೋದೆ. ಒಳಗೆ ನಲ್ಲಿ ಬಿಟ್ಟೇ ಇತ್ತು. ತಟ್ಟಿದೆ. ನೀರು ಸುರಿಯುತ್ತಲೇ ಇತ್ತು. ಕೊನೆಗೆ ಚಿಲಕ ತೆಗೆದಳು. ಒಂದು ಕೈ ಗೋಡೆ ಮೇಲೆ, ಇನ್ನೊಂದು ಹೊಟ್ಟೆಯ ಕೆಳಗೆ.

"ಅವರಿಗೆಲ್ಲ ಪಾಯಸ ಬಡಿಸೋಕೆ ಹೇಳಮ್ಮ," ಅಂದಳು. "ನಾವಿಬ್ರೂ ಲಿಫ್ಟಲ್ಲಿ ಇಳಿದುಬಿಡೋಣ. ಆಸ್ಪತ್ರೆಗೆ ಕ್ಯಾಬ್ ಕರಿ."