ಅಳೆಯುವ ಅಳಿಯ

"ಅತ್ತೆ, ಬೀಟಾ ಕಿರಣ ನಿಮ್ಮ ಹಾಗೆ, ಒಂದು ತಗಡು ಅಡ್ಡ ಇಟ್ರೆ ಮುನಿಸಿಕೊಂಡು ಅಲ್ಲೇ ನಿಲ್ಲುತ್ತೆ. ಗಾಮಾ ನಿಮ್ಮ ಮಗಳ ಹಾಗೆ, ಗೋಡೆ ದಾಟಿ ಬಂದು ಬೈಯುತ್ತೆ. ಎರಡನ್ನೂ ಅಳೆಯೋನು ನಾನು!" ಆಸ್ಪತ್ರೆಯಲ್ಲಿ ವಿಕಿರಣ ಅಳೆಯುವ ನನ್ನ ಅಳಿಯನ ಮಾತೇ ಹೀಗೆ. ಬಾಳೆಹಣ್ಣಿಗೂ ಯಂತ್ರ ಹಿಡಿಯುತ್ತಾನೆ, ನನ್ನ ಮಂಡಿಗೂ ಹಿಡಿಯುತ್ತಾನೆ. ಬೇರೆಯವರು ಓದಿದ ಅಂಕಿಯನ್ನು ಮಾತ್ರ ಸುತರಾಂ ನಂಬುವುದಿಲ್ಲ. ಮಗಳ ಗಂಟಲಿನ ಗಂಟಿಗೆ ವಿಕಿರಣದ ಔಷಧಿ ಕೊಟ್ಟಾಗ, ಮೈಯಿಂದ ಹೊಮ್ಮುವ ಕಿರಣದ ಅಂಕಿ ಇಳಿಯುವವರೆಗೆ ಅವಳ ಮಗು ಹತ್ತಿರ ಹೋಗಬಾರದೆಂದು ಅವಳನ್ನು ಹಿಂದಿನ ಕೋಣೆಯಲ್ಲಿ ಇರಿಸಿದೆವು. ಮಗು ಬಾಗಿಲಲ್ಲೇ ಕೂತು ಅಳುತ್ತಿತ್ತು. ಒಂಬತ್ತನೆಯ ದಿನ ಅಳಿಯ ಯಂತ್ರವನ್ನು ನನ್ನ ಕೈಗಿತ್ತ. "ಇಪ್ಪತ್ತಕ್ಕಿಂತ ಕಡಿಮೆ ಇದೆಯಾ, ನೀವೇ ಓದಿ ಅತ್ತೆ. ನನ್ನ ಕಣ್ಣಿಗೆ ಈಗ ಬರೀ ಆಸೆ, ಅದನ್ನ ನಂಬಲ್ಲ." ಅಂಕಿ ಓದುವಷ್ಟು ಓದು ನನಗಿದೆ, "ಹನ್ನೆರಡು" ಅಂದೆ. ಈಗ ಮಗಳು ಮಗುವಿನ ಸಿಕ್ಕು ಬಿಡಿಸುತ್ತಾ ತಲೆ ಬಾಚುತ್ತಿದ್ದಾಳೆ.